ಸೇತುವೆ ದಾಟಿದ ಮೇಲಿನ ಅಧ್ಯಾಯ

ನಮ್ಮ ಮನೆಯವರಿಗೆ ಊರಿಟ್ಟ ಹೆಸರು ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಅಂಥ ಸ್ಕೂಲಿನ ಕಾರಿನಲ್ಲಿ ಪಕ್ಕ ಕೂತು ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಇವರ ಆಯುಷ್ಯವೆಲ್ಲ ಅದರ ಮೇಲೆ ಕಾಲಿಟ್ಟುಕೊಂಡೇ ಕಳೆಯಿತು. ಬಸ್ಸಿನಲ್ಲಿ ಕೂತರೂ, ಮನೆಯಲ್ಲಿ ಟೀವಿ ನೋಡುತ್ತಿದ್ದರೂ, ಎದುರಿನಿಂದ ಯಾವುದಾದರೂ ಗಾಡಿ ಜೋರಾಗಿ ಬಂದರೆ ಆ ಕಾಲು ನೆಲವನ್ನು ಒತ್ತುತ್ತಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ಆ ಕಾಲಿನ ಮಂಡಿಯೇ ಕೈಕೊಟ್ಟಿತು. ಡಾಕ್ಟರು ಇನ್ನು ಸಾಕು ಅಂದರು. ಬೋರ್ಡು ಇಳಿಯಿತು, ಎರಡು ಬ್ರೇಕಿನ ಹಳೇ ಕಾರು ಮಾತ್ರ ಮನೆ ಮುಂದೆ ಉಳಿಯಿತು.

ಕೆಲಸವಿಲ್ಲದ ಗಂಡಸು ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ನಾನು ನೆಲ ಒರೆಸುತ್ತಿದ್ದರೆ ‘ಎಡಕ್ಕೆ, ಇನ್ನೂ ಎಡಕ್ಕೆ’ ಎನ್ನುತ್ತಿದ್ದರು. ನನಗೆ ತಲೆ ಕೆಟ್ಟುಹೋಗುತ್ತಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಮುಂದಿನ ಕೋಣೆಯಿಂದ ಟಕ್, ಟಕ್ ಸದ್ದು. ಸ್ಕೂಲಿನ ಹಳೇ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಏನೋ ಒತ್ತುತ್ತಿದ್ದರು. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ ಇನ್ನೂ ತೂಗುತ್ತಿತ್ತು.

“ಏನ್ರೀ ಅದು?”

“ಏನಿಲ್ಲ, ಒಂದು ಕಾದಂಬರಿ.”

ಪೇಪರಿನಲ್ಲಿ ಅಪಘಾತದ ಸುದ್ದಿ ಬಿಟ್ಟು ಬೇರೇನನ್ನೂ ಓದದ ಮನುಷ್ಯ! ನಾನು ನಕ್ಕೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

“ಕಲಿಯೋಕೆ ಬಂದವರು ರಸ್ತೆ ನೋಡ್ತಾ ನೋಡ್ತಾ ನನ್ನ ಹತ್ರ ಎಲ್ಲಾ ಹೇಳ್ಬಿಡ್ತಿದ್ರು ನೋಡು. ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ವಲ್ಲ, ಅದಕ್ಕೆ. ಅದೆಲ್ಲ ಒಳಗೇ ಉಳ್ಕೊಂಡಿದೆ. ಎಲ್ಲಿ ಇಳಿಸ್ಲಿ?”

ಗೇಲಿ ಮಾಡಲೆಂದೇ ಒಂದು ದಿನ ಮೊದಲ ಹಾಳೆಗಳನ್ನು ಎತ್ತಿಕೊಂಡೆ. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಕಾರು ಕಲಿಯಲು ಹೊರಡುವ ಹೆಂಗಸಿನ ಕಥೆ. ಅವಳು ಕಾರು ಹತ್ತುವ ಮೊದಲು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಾರಿನ ಬಾನೆಟ್ಟನ್ನು ಸವರುತ್ತಾಳೆ. ಓದುತ್ತಾ ನಿಂತ ನನಗೆ ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದೇ ತಿಳಿಯಲಿಲ್ಲ. ತರಕಾರಿ ತರಲು ಹೇಳಿದರೆ ಅರ್ಧ ಮರೆತು ಬರುವ ಇವರಿಗೆ ಇದೆಲ್ಲ ಎಲ್ಲಿಂದ ಬಂತು? ನನಗೆ ದಿಗ್ಭ್ರಮೆಯಾಯಿತು. ಹೇಳಿಕೊಳ್ಳಲು ನಾಚಿಕೆಯಾಗಿ, “ಪರವಾಗಿಲ್ಲ” ಎಂದಷ್ಟೇ ಹೇಳಿ ಒಲೆ ಒರೆಸಲು ಹೋದೆ.

ಮೂರು ಪ್ರಕಾಶನದವರು ಬೇಡವೆಂದರು. ನಾಲ್ಕನೆಯವರು ಬರಹೇಳಿದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದರು. ಪ್ರಿಂಟಿಂಗ್ ಪ್ರೆಸ್ಸಿನ ಮೇಲೊಂದು ಕೋಣೆ. ಕುರ್ಚಿಗಳ ಮೇಲೂ ಪುಸ್ತಕದ ಕಟ್ಟುಗಳು. ಸಂಪಾದಕಿ ನಮ್ಮ ಮಗಳಿಗಿಂತ ಚಿಕ್ಕವಳು. ಕಟ್ಟುಗಳನ್ನು ಕೆಳಗಿಳಿಸಿ ನಮ್ಮನ್ನು ಕೂರಿಸಿದಳು.

“ಸರ್, ಓದೋಕೆ ಕೂತವಳು ಮುಗಿಸೋವರೆಗೂ ಎದ್ದಿಲ್ಲ. ಆದ್ರೆ ಒಂದು ಮಾತು. ಏನೋ ಆಗುತ್ತೆ ಅನ್ನೋ ಹೊತ್ತಿಗೆ ಸರಿಯಾಗಿ ನೀವು ನಿಲ್ಲಿಸಿಬಿಡ್ತೀರ. ಗಂಡ ಹೆಂಡತಿ ಜಗಳಕ್ಕೆ ನಿಂತ್ರು ಅಂದ್ರೆ ಅಧ್ಯಾಯ ಮುಗೀತು. ಅವಳು ಅಳೋಕೆ ಶುರು ಮಾಡಿದ್ಲು ಅಂದ್ರೆ ಮುಗೀತು.”

ನನಗೆ ತಡೆಯಲಾಗಲಿಲ್ಲ. “ಬ್ರೇಕ್ ಹಾಕ್ತಾರಮ್ಮ! ಅದೇ ಅವರ ಕಸುಬು” ಎಂದು ನಕ್ಕುಬಿಟ್ಟೆ. ಅವಳೂ ನಕ್ಕಳು. ನಮ್ಮವರು ನಗಲಿಲ್ಲ.

“ಅದನ್ನೆಲ್ಲ ತಿದ್ದಬಹುದು” ಎಂದಳು ಅವಳು. “ಕೊನೆ ಮಾತ್ರ ತಿದ್ದಿದ್ರೆ ಆಗಲ್ಲ, ಹೊಸದಾಗಿ ಬರೀಬೇಕು. ಅವಳಿಗೆ ಲೈಸೆನ್ಸ್ ಬರುತ್ತೆ, ಕಥೆ ಮುಗಿಯುತ್ತೆ. ಇಷ್ಟು ಕಷ್ಟಪಟ್ಟು ಕಲಿತವಳು ಎಲ್ಲಿಗೂ ಹೋಗೋದೇ ಇಲ್ವಲ್ಲ ಸರ್?”

“ಲೈಸೆನ್ಸ್ ಬಂದ್ಮೇಲೆ ನಾನು ಅವರ ಜೊತೆ ಇರಲ್ವಲ್ಲಮ್ಮ. ಒಬ್ಬರೇ ಹೋಗುವಾಗ ಏನಾಗುತ್ತೋ ನನಗೆ ಹೇಗೆ ಗೊತ್ತಾಗ್ಬೇಕು?”

“ಗೊತ್ತಾದ ದಿನ ತಗೊಂಡ್ ಬನ್ನಿ. ಆಗ ಅಚ್ಚಿಗೆ ಹಾಕೋಣ.”

ಅಂದಿನಿಂದ ಕಂಪ್ಯೂಟರಿನ ಸದ್ದು ನಿಂತಿತು. ಇವರು ಅದರ ಮುಂದೆ ಕೈಕಟ್ಟಿ ಕೂರುತ್ತಿದ್ದರು, ಏಳುತ್ತಿದ್ದರು. ಊಟದ ಹೊತ್ತಿಗೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ಕಾಟ ಕೊಡುತ್ತಿದ್ದಾಗಲೇ ಎಷ್ಟೋ ವಾಸಿಯಿತ್ತು ಅನ್ನಿಸಿತು. ಒಂದು ದಿನ ಕಾರಿನ ಕೀಲಿಯನ್ನು ತಂದು ಅವರೆದುರು ಕುಕ್ಕಿದೆ.

“ನನಗೆ ಕಲಿಸಿ. ನಾನು ಒಬ್ಬಳೇ ಹೋಗ್ತೀನಿ, ನೋಡಿಕೊಂಡು ಬರೀರಿ.”

ಈ ಮಾತಿನ ಹಿಂದೆ ಸಿಟ್ಟೂ ಇತ್ತು, ಸುಳ್ಳೇಕೆ ಹೇಳಲಿ. ಅರ್ಧ ಊರಿಗೆ ಕಾರು ಕಲಿಸಿದವರು ನನಗೆ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ, ಮಕ್ಕಳು ಶಾಲೆಗೆ ಹೋಗುವಾಗ ಕೇಳಿದ್ದೆ. ‘ನಿನಗ್ಯಾಕೆ, ನಾನಿಲ್ವಾ?’ ಎಂದು ತಳ್ಳಿಹಾಕಿದ್ದರು. ಈ ಸಲ ತಳ್ಳಿಹಾಕಲಿಲ್ಲ.

ಮೊದಲ ದಿನವೇ ಬೀದಿಯವರೆಲ್ಲ ಕಿಟಕಿಗೆ ಬರುವಂತೆ ಜಗಳವಾಯಿತು. ಎರಡನೆಯ ದಿನ ಕಾರಿನ ಬಾಗಿಲು ಮುಚ್ಚಿದ ಕೂಡಲೇ ಇವರು ಗಂಟಲು ಸರಿಮಾಡಿಕೊಂಡು, “ಮೇಡಂ, ಕ್ಲಚ್ ನಿಧಾನವಾಗಿ ಬಿಡಿ” ಎಂದರು. ನಾನು ಕಣ್ಣರಳಿಸಿ ನೋಡಿದೆ. “ನನ್ನ ಮುಖ ನೋಡ್ಬೇಡಿ ಮೇಡಂ, ರಸ್ತೆ ನೋಡಿ.” ಹೆಂಡತಿಗೆ ಕಲಿಸಲು ಅವರಿಗೆ ಬರುತ್ತಿರಲಿಲ್ಲ, ಕಲಿಯಲು ಬಂದವಳಿಗೆ ಕಲಿಸಲು ಬರುತ್ತಿತ್ತು. ಮನೆಯಲ್ಲಿ ‘ಏ ಇವಳೇ, ಟೀ ತಾ’. ಕಾರಿನಲ್ಲಿ ಮೇಡಂ, ತಾವು, ದಯವಿಟ್ಟು. ನನಗೂ ಅದು ರೂಢಿಯಾಯಿತು. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡು ನಾನೂ ಏನೇನೋ ಮಾತಾಡತೊಡಗಿದೆ. ಓದು ಬಿಟ್ಟದ್ದು, ಹಾಸಿಗೆ ಹಿಡಿದ ಅತ್ತೆಯ ಕೊನೆಯ ದಿನಗಳಲ್ಲಿ ಅವರ ಸೇವೆ ಮಾಡಿ ಸೋತದ್ದು. ಇವರು ಹೂಂಗುಟ್ಟುತ್ತಿದ್ದರು, ಗೇರ್ ಬದಲಿಸಲು ಹೇಳುತ್ತಿದ್ದರು.

ಪರೀಕ್ಷೆ ಪಾಸಾಗಿ ಲೈಸೆನ್ಸ್ ಬಂತು. ಮರುದಿನ ಬೆಳಿಗ್ಗೆ ಗೋದಾಮುಗಳ ಹಿಂದಿನ ಅಗಲ ರಸ್ತೆಯಲ್ಲಿ ಕಾರು ನಿಲ್ಲಿಸಲು ಹೇಳಿ, ಮಂಡಿ ಹಿಡಿದುಕೊಂಡು ಕೆಳಗಿಳಿದರು.

“ಸೇತುವೆ ದಾಟಿ, ಸರ್ಕಲ್ ಸುತ್ತಿ ವಾಪಸ್ ಬನ್ನಿ ಮೇಡಂ. ನಾನು ಇಲ್ಲೇ ಇರ್ತೀನಿ.”

ಸೇತುವೆ ದಾಟಿದೆ. ಅದು ಉಬ್ಬಿಕೊಂಡಿದೆ, ಈಚೆ ನಿಂತವರಿಗೆ ಆಚೆಯದು ಕಾಣುವುದಿಲ್ಲ. ಸರ್ಕಲ್ಲಿಗೆ ಬಂದರೆ, ಎದುರಿಗೆ ನೇರ ರಸ್ತೆ ಖಾಲಿ ಬಿದ್ದಿತ್ತು. ಪಕ್ಕದ ಸೀಟೂ ಖಾಲಿ. ಹೀಗೇ ಹೋಗಿಬಿಟ್ಟರೆ ಅನ್ನಿಸಿತು. ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ಮಕ್ಕಳಾಗಲಿ, ಮನೆಯಾಗಲಿ, ಹಿಂದೆ ನಿಂತು ಕಾಯುತ್ತಿದ್ದವರಾಗಲಿ ಆ ಕ್ಷಣ ನೆನಪಿಗೇ ಬರಲಿಲ್ಲ. ಒಂದು ಸುತ್ತು ಹಾಕಿದೆ, ಆ ರಸ್ತೆ ಮತ್ತೆ ಎದುರಾಯಿತು. ಇನ್ನೊಂದು ಸುತ್ತು ಹಾಕಿದೆ. ಆಮೇಲೆ ತಿರುಗಿಸಿಕೊಂಡು ಬಂದೆ. ನಾನು ಬಿಟ್ಟುಹೋದ ಜಾಗದಲ್ಲೇ ಇವರು ನಿಂತಿದ್ದರು.

“ತಡ ಆಯ್ತು.”

“ಲಾರಿ ಅಡ್ಡ ಬಂತು” ಎಂದೆ. ಅವರು ಹತ್ತಿ ಕೂತರು. ಆ ವಿಷಯವನ್ನು ನಾನು ಯಾರೊಂದಿಗೂ ಎತ್ತಲಿಲ್ಲ.

ವಾರ ಕಳೆದ ಮೇಲೆ ಮಧ್ಯಾಹ್ನ ಹೊಸ ಅಧ್ಯಾಯವನ್ನು ನನ್ನ ಕೈಗಿಟ್ಟರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದಿದೆ. ಹೆಂಗಸು ಒಬ್ಬಳೇ ಸೇತುವೆ ದಾಟುತ್ತಾಳೆ. ಎದುರಿಗೆ ಖಾಲಿ ರಸ್ತೆ ಕಾಣುತ್ತದೆ. ಹೋಗಿಬಿಡಲೇ ಎಂದುಕೊಳ್ಳುತ್ತಾಳೆ. ಯಾರ ಮೇಲೂ ಅವಳಿಗೆ ಕೋಪವಿಲ್ಲ, ಯಾರೂ ನೆನಪಾಗುವುದೂ ಇಲ್ಲ. ತಾನೊಬ್ಬಳು ಇದ್ದೇನೆ ಎಂಬುದು ಮಾತ್ರ ನೆನಪಿದೆ. ವೃತ್ತವನ್ನು ಎರಡು ಸಲ ಸುತ್ತುತ್ತಾಳೆ. ಹಿಂದಿರುಗಿ ಬಂದು, ಗಂಡನಿಗೆ ಲಾರಿಯ ನೆಪ ಹೇಳುತ್ತಾಳೆ.

ನನ್ನ ತಲೆಯೊಳಗೆ ಒಂದು ಕ್ಷಣ ಬಂದು ಹೋದದ್ದು ಅಕ್ಷರವಾಗಿ ಕೈಯಲ್ಲಿತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಈ ಮನುಷ್ಯ ಏನನ್ನೂ ಗಮನಿಸುವುದಿಲ್ಲ ಎಂದು ನೆಂಟರಿಷ್ಟರಿಗೆಲ್ಲ ದೂರು ಹೇಳಿದವಳು ನಾನು.

ಇವರು ಬಾಗಿಲಲ್ಲಿ ನಿಂತಿದ್ದರು.

“ಎಲ್ಲಿಂದ ನೋಡಿದ್ರಿ?”

“ನೋಡಿಲ್ಲ. ಅಲ್ಲೇ ನಿಂತಿದ್ದೆ. ಅಷ್ಟು ಹೊತ್ತು ನಿಂತವನಿಗೆ ಅದು ಬಿಟ್ಟು ಬೇರೇನೂ ತೋಚಲಿಲ್ಲ.” ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ಮಕ್ಕಳು ಓದ್ತಾರೆ. ನೆಂಟರು ಓದ್ತಾರೆ. ಇದು ನೀನೇ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಬೇಡ ಅನ್ನು, ಅಳಿಸಿಬಿಡ್ತೀನಿ. ಪುಸ್ತಕ ಬರದೇ ಇದ್ರೂ ಪರವಾಗಿಲ್ಲ.”

ಪರವಾಗಿಲ್ಲ ಎನ್ನುವಾಗಲೂ ಅವರ ಕಣ್ಣು ನನ್ನ ಕೈಯಲ್ಲಿದ್ದ ಹಾಳೆಗಳ ಮೇಲೇ ಇತ್ತು. ಈ ಕಡೆ ನನಗೆ ಮಗಳ ಮುಖ, ನಾದಿನಿಯ ಬಾಯಿ, ಬೀದಿಯವರ ನಗೆ ಎಲ್ಲ ಕಣ್ಮುಂದೆ ಬಂತು. ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದೆ.

“ನಾನು ವಾಪಸ್ ಬರದೇ ಹೋಗಿದ್ರೆ?”

ಇವರು ಮಂಡಿ ಹಿಡಿದುಕೊಂಡು ಬಾಗಿಲಿಗೆ ಒರಗಿದರು.

“ಸೇತುವೆ ಮೇಲೆ ಗೇರ್ ಬದಲಾಯಿಸಿದ್ದು ನಾನು ನಿಂತಿದ್ದಲ್ಲಿಗೂ ಕೇಳಿಸ್ತು. ಎಷ್ಟು ಚೆನ್ನಾಗಿ ಬದಲಾಯಿಸಿದ್ರಿ ಮೇಡಂ. ಎಲ್ಲಿಗೆ ಹೋದ್ರೂ ಕ್ಷೇಮವಾಗಿ ತಲುಪ್ತಾರೆ ಅಂದ್ಕೊಂಡೆ.”

ಅದು ಅಡುಗೆಮನೆ. ಕಾರಲ್ಲ. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಹಾಳೆಗಳನ್ನು ಜೋಡಿಸಿ ಅವರ ಕೈಗೆ ಕೊಟ್ಟೆ.

“ಒಂದಕ್ಷರ ಅಳಿಸ್ಬೇಡಿ” ಎಂದೆ. “ಎಲ್ಲರೂ ಓದ್ಲಿ.”