ಗಿರಾಕಿ ಕೂರುವ ಸ್ಟೂಲು

ತೊಲೂಕಾ ನಗರದ ನಮ್ಮ ಬಹುಮಹಡಿ ಅಂಗಡಿಯಲ್ಲಿ ಕೂರುವ ಹಕ್ಕು ಗಿರಾಕಿಗೆ ಮಾತ್ರ. ಕಪ್ಪು ಸೂಟು, ಹೈಹೀಲ್ಡ್ ಚಪ್ಪಲಿ ಹಾಕಿಕೊಂಡ ನಾವು ಬಾಗಿಲು ಹಾಕುವವರೆಗೆ ನಿಂತೇ ಇರಬೇಕು. ನಾನು ಕೈಚೀಲಗಳ ಕೌಂಟರಿನಲ್ಲಿ. ಎದುರಿಗೆ ಮುಖದ ಕ್ರೀಮುಗಳ ಕೌಂಟರಿನಲ್ಲಿ ಅಂಪಾರೊ. ಅವಳ ಮುಂದೊಂದು ಎತ್ತರದ ಸ್ಟೂಲಿತ್ತು. ಇಷ್ಟು ವರ್ಷಗಳಲ್ಲಿ ಅವಳು ಅದರ ಮೇಲೆ ಒಮ್ಮೆಯೂ ಕೂತವಳಲ್ಲ.

ಕೂರುತ್ತಿದ್ದವರು ಅವಳ ಗಿರಾಕಿಗಳು. ಅಂಪಾರೊ ರಜೆ ಅಂದರೆ ಏನೂ ಕೊಳ್ಳದೆ ವಾಪಸು ಹೋಗುವ ಹೆಂಗಸರಿದ್ದರು. ಕ್ರೀಮು ಹಚ್ಚಿಸಿಕೊಳ್ಳುತ್ತಾ ಸೊಸೆಯಂದಿರನ್ನು ಬಯ್ಯುವರು, ಹಗುರಾಗಿ ಎದ್ದು ಹೋಗುವರು. ಎಲ್ಲರಿಗಿಂತ ಹಳಬರು ನಾವು ಗೌರವದಿಂದ ದೋನ್ಯಾ ಅನ್ನುತ್ತಿದ್ದ ಒರ್ತೆನ್ಸಿಯಾ. ಗಂಡ ಹೋದ ಮೇಲೆ ಶನಿವಾರ ತಪ್ಪಿಸಿದವರಲ್ಲ. ಮಹಡಿಯ ಹೋಟೆಲಿನಲ್ಲಿ ಎಂಚಿಲಾದಾ ತಿಂದು ಬಂದು ಸ್ಟೂಲು ಏರಿದರೆಂದರೆ ಇಳಿಯುವುದು ಸಂಜೆಗೇ.

ಒಂದು ದಿನ ಮ್ಯಾನೇಜರ್ ರಿಗೊಬೆರ್ತೊ ನಮ್ಮನ್ನೆಲ್ಲ ಕರೆದ. "ಗಿರಾಕಿಗಳ ಫೋನಿಗೆ ನಮ್ಮ ಆ್ಯಪ್ ಹಾಕಿಸಿ. ಅವರು ಮನೇಲಿ ಕೂತು ಕೊಂಡ್ರೂ ಕಮಿಷನ್ ನಿಮಗೇ," ಅಂದ. ನಾನು ತಲೆಯಾಡಿಸಿದೆ, ನಂಬಲಿಲ್ಲ. ಅಂಪಾರೊ ನಂಬಿದಳು. ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ, ಬೆರಳು ಹಿಡಿದು ಕಲಿಸಿದಳು.

"ನಿನ್ನ ಗಿರಾಕಿಗಳನ್ನ ನೀನೇ ಬಾಗಿಲ ತನಕ ಬಿಟ್ಟು ಬರ್ತಿದೀಯಲ್ಲೇ," ಅಂದೆ.

"ಎಲ್ಲಿಗೆ ಹೋಗ್ತಾರೆ ಬಿಡೇ. ಮುಖಕ್ಕೆ ಹಚ್ಚೋಕೆ ಫೋನಿಗೇನು ಕೈ ಇದೆಯಾ?"

ಹೋದರು. ಚೆನ್ನಾಗಿ ಕಲಿತವರು ಮೊದಲು ಹೋದರು. ಅಂಪಾರೊ ಕಮಿಷನ್ ಕೇಳಲು ಹೋದರೆ, "ಆ ಯೋಜನೆ ಮುಗೀತಮ್ಮ, ರಾಜಧಾನಿಯ ಹೆಡ್ಡಾಫೀಸಿಂದ ಆದೇಶ," ಅಂದ ರಿಗೊಬೆರ್ತೊ. ಆ್ಯಪಿನಲ್ಲಿ ಕೊಂಡದ್ದೆಲ್ಲ ಗೋದಾಮಿನ ಲೆಕ್ಕಕ್ಕಂತೆ, ಕೌಂಟರಿಗಲ್ಲ. ಅಷ್ಟೇ ಅಲ್ಲ, ಕ್ರಿಸ್‌ಮಸ್ ವ್ಯಾಪಾರವೂ ಕೌಂಟರಿನಲ್ಲಿ ಕುದುರದಿದ್ದರೆ ಕೌಂಟರನ್ನೇ ತೆಗೆದುಹಾಕುತ್ತಾರಂತೆ, ಅಂಪಾರೊಳನ್ನೂ ಸೇರಿಸಿ. ಅವನ ಮುಖಕ್ಕೆ ಉಗಿಯಬೇಕೆನಿಸಿತು ನನಗೆ. ಉಗಿಯಲಿಲ್ಲ, ನನಗೂ ಕೆಲಸ ಬೇಕಿತ್ತು.

ಅಂಪಾರೊಗೆ ಉಳಿದದ್ದು ಒಂದೇ ಆಸೆ, ದೋನ್ಯಾ ಒರ್ತೆನ್ಸಿಯಾ. ಎಷ್ಟು ಕಲಿಸಿದರೂ ಆ ಆ್ಯಪ್ ಅವರ ತಲೆಗೆ ಹತ್ತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ತಂಗಿಯರಿಗೆ, ಸೊಸೆಯರಿಗೆ, ಬೀಗಿತ್ತಿಯರಿಗೆ, ಪಾದ್ರಿಯ ಅಕ್ಕನಿಗೂ ಸೇರಿಸಿ ಕ್ರೀಮಿನ ಡಬ್ಬಿಗಳನ್ನು ರಾಶಿ ಕೊಳ್ಳುವವರು. ಅದೊಂದೇ ವ್ಯಾಪಾರ ಕೌಂಟರನ್ನು ಉಳಿಸುತ್ತಿತ್ತು. ಅಂಪಾರೊ ಡಬ್ಬಿಗಳನ್ನು ಬೇರೆ ತೆಗೆದಿಟ್ಟು, ರಿಬ್ಬನ್ ಕತ್ತರಿಸಿಟ್ಟು ಕಾದಳು. ಹಬ್ಬದ ಹಿಂದಿನ ಶನಿವಾರ ಸ್ಟೂಲು ಖಾಲಿಯೇ ಉಳಿಯಿತು. ಸಂಜೆಗೆ ಫೋನು ಬಂತು. ಕಿವಿ ಮಂದವಾದ ದೋನ್ಯಾರ ದನಿ ನನ್ನ ಕೌಂಟರಿಗೂ ಕೇಳಿಸುತ್ತಿತ್ತು.

"ಮಗಳೇ, ಕೊನೆಗೂ ಕಲಿತುಬಿಟ್ಟೆ! ಯಾರನ್ನೂ ಕೇಳಲಿಲ್ಲ. ಎಲ್ಲರ ಉಡುಗೊರೆನೂ ಫೋನಲ್ಲೇ ತಗೊಂಡೆ, ದುಡ್ಡೂ ಕಟ್ಟಿಯಾಯ್ತು. ಹಬ್ಬದ ಗಲಾಟೆಲಿ ನಿಂಗೆ ಯಾಕೆ ತೊಂದ್ರೆ ಕೊಡೋದು ಅಂತ. ಈ ಮಂಡಿನೋವು ಬೇರೆ, ಇನ್ಮೇಲೆ ಅಷ್ಟು ದೂರ ಬರೋದೂ ತಪ್ಪಿತು ನೋಡು."

ಅಂಪಾರೊ ಕತ್ತರಿಸಿಟ್ಟ ರಿಬ್ಬನ್ನುಗಳನ್ನು ಪಕ್ಕಕ್ಕೆ ಸರಿಸಿದಳು.

"ಭೇಷ್, ದೋನ್ಯಾ. ನಿಮ್ಮ ಕೈಲಿ ಆಗುತ್ತೆ ಅಂತ ನಾನು ಹೇಳಿರ್ಲಿಲ್ವಾ?"

"ಎಲ್ಲ ನೀನು ಕಲಿಸಿದ್ದೇ, ಮಗಳೇ."

ಫೋನು ಇಟ್ಟಳು. ನನಗೆ ತಡೆಯಲಾಗಲಿಲ್ಲ. "ವಾಪಸ್ ಮಾಡಿ, ಇಲ್ಲಿಗೆ ಬಂದು ಕೊಳ್ಳಿ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?"

"ಎಷ್ಟು ಖುಷಿಲಿದ್ರು, ಕೇಳಿಸ್ಕೊಂಡ್ಯಲ್ಲ."

ಕೌಂಟರಿನ ಈಚೆ ಬಂದು, ಚಪ್ಪಲಿ ಕಳಚಿ, ಅವಳು ಆ ಸ್ಟೂಲಿನ ಮೇಲೆ ಕೂತಳು. ಊದಿಕೊಂಡ ಪಾದಗಳು ನೆಲಕ್ಕೆ ಮುಟ್ಟುತ್ತಿರಲಿಲ್ಲ.

"ಏಳೇ, ಮ್ಯಾನೇಜರ್ ಬರ್ತಿದಾನೆ," ಅಂದೆ.

"ಬರ್ಲಿ."

ರಿಗೊಬೆರ್ತೊ ಬಂದ. ಕೂತವಳನ್ನು, ಮಾರಾಟವಾಗದೆ ಉಳಿದ ಡಬ್ಬಿಗಳನ್ನು ನೋಡಿದ. ಏಳು ಎಂದು ಹೇಳದೆ ಮುಂದಕ್ಕೆ ಹೋದ.