ಮೊಮ್ಮಗಳಿಗೊಂದು ಹಳೇ ಅಂಗಿ

ನಾನು ಹುಟ್ಟಿದ್ದು ಮಲಯಾದಲ್ಲಿ. ನಮ್ಮಪ್ಪ ಮಾಗಡಿ ಕಡೆಯಿಂದ ರಬ್ಬರ್ ತೋಟದ ಕೆಲಸಕ್ಕೆ ಹೋದವರು, ಅಲ್ಲೇ ಮಣ್ಣಾದರು. ನಾನು ಅಲ್ಲಿನ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರಾಗಿ ರಿಟೈರಾದೆ. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು. ಇದ್ದ ಒಬ್ಬಳೇ ಮಗಳನ್ನು ರಾಜಾಜಿನಗರದ ಹುಡುಗನಿಗೆ ಕೊಟ್ಟಿದ್ದೆ. ಮಗಳಿರುವ ಊರೇ ನನ್ನ ಊರು ಅಂದುಕೊಂಡು ಟ್ರಂಕು ಹಿಡಿದು ಹಡಗು ಹತ್ತಿ ಬೆಂಗಳೂರಿಗೆ ಬಂದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಎಲ್ಲರೂ ‘ಊರಿಗೆ ವಾಪಸ್ ಬಂದಿರಾ’ ಎಂದು ಕೇಳುತ್ತಿದ್ದರು. ವಾಪಸ್ ಎಲ್ಲಿ ಬಂತು? ಮಗಳ ಮದುವೆಗೆ ಬಂದು ಹೋಗಿದ್ದು ಬಿಟ್ಟರೆ ನಾನು ಈ ದೇಶ ನೋಡಿದ್ದೇ ಆಗ.

ವಿಜಯನಗರದಲ್ಲಿ ಒಂದು ಪೋರ್ಷನ್ ಬಾಡಿಗೆಗೆ ಹಿಡಿದೆ. ಆಗ ಅಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚು. ಅತ್ತಿಗುಪ್ಪೆ ಕಡೆ ಮುಖ ಮಾಡಿ ನಿಂತರೆ ರಾಗಿ ಹೊಲ, ಸಂಜೆಯಾದರೆ ದನ ಮನೆಗೆ ಹೋಗುವ ಧೂಳು. ಮಲಯಾದಲ್ಲಿ ದಿನಾ ಮಧ್ಯಾಹ್ನ ಮಳೆ ಹುಯ್ಯುತ್ತಿತ್ತಲ್ಲ, ಆ ಅಭ್ಯಾಸಕ್ಕೆ ಇಲ್ಲಿಯ ಬಿರುಬಿಸಿಲಲ್ಲೂ ಕೊಡೆ ಬಿಟ್ಟು ಹೊರಗೆ ಕಾಲಿಡುತ್ತಿರಲಿಲ್ಲ. ಬೀದಿಯ ಮಕ್ಕಳು ಕೊಡೆ ತಾತ ಎಂದು ಹೆಸರಿಟ್ಟವು. ಅದೂ ಚೆನ್ನಾಗಿಯೇ ಇತ್ತು. ಮಾತಾಡಿಸುವುದಕ್ಕೆ ಅವಾದರೂ ಇದ್ದವು. ದೊಡ್ಡವರು ಫಾರಿನ್ನಿನವರು ಅಂತ ದೂರದಿಂದಲೇ ತಲೆ ಅಲ್ಲಾಡಿಸಿ ಹೋಗಿಬಿಡುತ್ತಿದ್ದರು.

ಆಗ ಮಗಳು ಬಸುರಿಯಾದಳು. ನನಗೆ ಹಿಡಿಸಲಾರದಷ್ಟು ಸಂತೋಷ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು ಎನ್ನುವಷ್ಟು ನನಗೂ ಗೊತ್ತಿತ್ತು. ಮಗಳಿಗೂ ನನ್ನ ಹತ್ತಿರ ಬರುವ ಆಸೆ. ಆದರೆ ಹೆಂಗಸರಿಲ್ಲದ ಮನೆಯನ್ನು ತವರು ಅಂತ ಯಾರು ಒಪ್ಪುತ್ತಾರೆ? ಬೀಗಿತ್ತಿ, ಅಂದರೆ ಮಗಳ ಅತ್ತೆ, ಸೀಮಂತಕ್ಕೆ ಮುಂಚೆ ಒಂದು ಸಲ ಬಂದು ಮನೆ ನೋಡುತ್ತೇನೆ, ಆಮೇಲೆ ಕಳಿಸುವ ಮಾತು ಎಂದು ಹೇಳಿ ಕಳಿಸಿದರು.

ಅತ್ತಿಗುಪ್ಪೆಯಿಂದ ಹಾಲು ತರುತ್ತಿದ್ದ ಅವ್ವ ಬಾಣಂತಿಗೂ ಕೂಸಿಗೂ ನೀರು ಹಾಕಲು ಒಪ್ಪಿದ್ದರು. ಇನ್ನು ಕೂಸಿನ ಸಾಮಾನು ತಾನೇ ಎಂದು ನಾನು ಪೇಟೆಗೆ ಹೋಗಿ ಬಣ್ಣದ ತೊಟ್ಟಿಲು ತಂದೆ. ಮಲಯಾದಲ್ಲಿ ಒಮ್ಮೆ ಬಿಳಿ ಸಾಹೇಬರ ಬಂಗಲೆಗೆ ಫ್ಯಾನು ರಿಪೇರಿಗೆ ಹೋದಾಗ, ಇನ್ನೂ ಹುಟ್ಟದ ಮಗುವಿಗೆ ಒಂದು ರೂಮನ್ನೇ ಸಿಂಗರಿಸಿ ಇಟ್ಟಿದ್ದು ನೋಡಿದ್ದೆ. ನನ್ನ ಮೊಮ್ಮಗು ಯಾರಿಗೆ ಕಡಿಮೆ? ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿ, ಟ್ರಂಕಿನಲ್ಲಿ ತಂದಿದ್ದ ಹೊಸ ಫ್ರಾಕು, ಟೋಪಿ, ಕಾಲುಚೀಲ ಎಲ್ಲ ಅದರಲ್ಲಿ ಜೋಡಿಸಿದೆ. ಸರಪಳಿಗೆ ಗ್ರೀಸ್ ಹಚ್ಚಿದೆ. ಸಂಜೆ ಹೊತ್ತು ಒಬ್ಬನೇ ಕೂತು ತೂಗುತ್ತಿದ್ದೆ.

ಬೀಗಿತ್ತಿ ಬಂದ ದಿನ ಮೊದಲು ತೋರಿಸಿದ್ದೂ ಅದನ್ನೇ. ನೋಡಿ, ಸ್ವಲ್ಪವೂ ಕಿರಕ್ ಅನ್ನುವುದಿಲ್ಲ ಎಂದು ತೂಗಿ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಕೈಯಿಟ್ಟು ತೊಟ್ಟಿಲು ನಿಲ್ಲಿಸಿದರು.

“ಖಾಲಿ ತೊಟ್ಟಿಲು ತೂಗ್ತಾರಾ ಬೀಗ್ರೇ? ಕೂಸು ಇನ್ನೂ ಕಣ್ಣೇ ಬಿಟ್ಟಿಲ್ಲ, ಆಗ್ಲೇ ಹೊಸಬಟ್ಟೆ ಜೋಡ್ಸಿದೀರ. ಹೆಂಗಸ್ರಿಲ್ಲದ ಮನೆ ಅಂದ್ರೆ ಇದೇ ನೋಡಿ. ಬಾಣಂತನ ನಮ್ಮನೇಲೇ ಆಗ್ಲಿ, ಬಿಡಿ.”

ಕಾಫಿಯನ್ನೂ ಮುಟ್ಟದೆ ಹೋದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಹಾಲಿನ ಅವ್ವನ ಹತ್ತಿರ ಹೇಳಿಕೊಂಡರೆ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಒಳಗೆ ಬಂದು ತೊಟ್ಟಿಲು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದರು. ಹುಟ್ಟಿದ ಕೂಸಿಗೆ ಮೊದಲು ಹಾಕುವುದು ಹಳೇ ಬಟ್ಟೆಯಂತೆ. ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದ ಮನೆಗಳಿಂದ, ತವರಿನವರೇ ಹೋಗಿ ಕೇಳಿ ತರಬೇಕಂತೆ.

“ಹೊಸಾದು ಹಾಕಿದ್ರೆ ಕಣ್ಣು ಬೀಳ್ತದೆ ಯಜಮಾನ್ರೇ. ಹಳೇದು ಹಾಕಿದ್ರೆ, ಯಾರದೋ ಬಡವರ ಕೂಸು ಅಂತ ಕೆಟ್ಟದ್ದು ಹಂಗೇ ಮುಂದಕ್ಕೆ ಹೋಗ್ತದೆ. ಹೋಗಿ, ಕೇಳ್ಕೊಂಡು ಬನ್ನಿ. ನಾಚ್ಕೊಂಡ್ರೆ ಆಗಲ್ಲ.”

ಇಸ್ತ್ರಿ ಪ್ಯಾಂಟು ಹಾಕಿ, ಕೊಡೆ ಹಿಡಿದು, ಕೈಚೀಲ ತಗೊಂಡು ಹೊರಟೆ. ಬೀದಿಯವರೆಲ್ಲ ಫಾರಿನ್ನಿನಿಂದ ಬಂದವನು ಸೋಪೋ ಸೆಂಟೋ ಕೊಡುತ್ತಾನೆ ಎಂದು ಕಾಯುತ್ತಿದ್ದರೆ, ನಾನು ಹಳೇ ಬಟ್ಟೆ ಬೇಡಲು ಹೊರಟವನು. ಮೊದಲನೆಯದು ಒಬ್ಬ ಮೇಷ್ಟ್ರ ಮನೆ. ಮೇಷ್ಟ್ರ ಹೆಂಡತಿ ಬಾಗಿಲು ತೆಗೆದರು. ತಾಯೀ, ಹಳೇ ಬಟ್ಟೆ ಏನಾದರೂ ಇದ್ದರೆ ಕೊಡಿ ಎಂದೆ. ಅವರು ನನ್ನ ಪ್ಯಾಂಟನ್ನೂ ಮುಖವನ್ನೂ ಒಂದು ಸಲ ನೋಡಿ ಒಳಗೆ ಹೋದವರು ತಟ್ಟೆಯಲ್ಲಿ ಅನ್ನ ಸಾರು ಹಿಡಿದು ಬಂದರು. ಪಾಪ, ಯಾವ ಕಷ್ಟಕ್ಕೆ ಸಿಕ್ಕಿದನೋ ಅಂದುಕೊಂಡಿದ್ದರು. ಹಿಂದಿನ ರಾತ್ರಿಯಿಂದ ಉಪವಾಸ ಇದ್ದೆ. ಜಗಲಿಯಲ್ಲಿ ಕೂತು ಮೊದಲು ಊಟ ಮಾಡಿ, ಆಮೇಲೆ ವಿಷಯ ಹೇಳಿದೆ. ಆ ತಾಯಿ ನಕ್ಕು ನಕ್ಕು ಅತ್ತೆಯನ್ನು ಕೂಗಿ ಕರೆದರು.

ಅಲ್ಲಿಂದ ಮುಂದೆ ನಾನು ಹೇಳುವುದೇ ಬೇಕಾಗಲಿಲ್ಲ. ಸುದ್ದಿ ನನಗಿಂತ ಮುಂದೆ ನಡೆಯುತ್ತಿತ್ತು. ಕಾಂಪೌಂಡಿನ ಆಚೆಯಿಂದಲೇ ಬನ್ನಿ ತಾತ ಎಂದು ಕರೆದು ಕೊಟ್ಟರು. ಒಂದೊಂದು ಬಟ್ಟೆಗೂ ಒಂದೊಂದು ಕತೆ. ಇದು ನಮ್ಮ ದೊಡ್ಡವನದು, ತಾರಸಿಯಿಂದ ಬಿದ್ದು ಎದ್ದು ಬಂದು ತಿಂಡಿ ಕೇಳಿದವನು. ಇದು ನಮ್ಮ ಹುಡುಗಿಯದು, ಒಂದು ದಿನ ನೆಗಡಿ ಕಂಡಿಲ್ಲ. ಕೊನೆಗೆ ಅತ್ತಿಗುಪ್ಪೆಯಲ್ಲಿ ಹಾಲಿನ ಅವ್ವನ ಮನೆಗೆ ಹೋದೆ. ಅವರು ಪೆಟ್ಟಿಗೆಯ ತಳದಿಂದ ಒಂದು ಅಂಗಿ ತೆಗೆದರು. ಹಳೇ ಸೀರೆಯಲ್ಲಿ ಹೊಲಿದದ್ದು, ಗುಂಡಿ ಇಲ್ಲ, ಹಿಂದೆ ಕಟ್ಟುವ ಲಾಡಿ. ಬೆಳಕಿಗೆ ಹಿಡಿದರೆ ಆಚೆಯದೆಲ್ಲ ಕಾಣುವಷ್ಟು ಸವೆದಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲ ತೊಟ್ಟದ್ದು.

“ಇದ ಹಾಕ್ಕೊಂಡೋರು ಒಬ್ರೂ ನನ್ನ ಕೈಬಿಟ್ಟು ಹೋಗಿಲ್ಲ,” ಎಂದರು.

ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋದೆ. ಬೀಗಿತ್ತಿಯ ಮುಂದೆ ಗಂಟು ಇಟ್ಟು ಕೂತೆ. ಒಳಗೆ ಮಗಳು ತೆಂಗಿನಕಾಯಿ ತುರಿಯುತ್ತಿದ್ದ ಸದ್ದು ನಿಂತುಹೋಯಿತು. ಬೀಗಿತ್ತಿ ಗಂಟು ಬಿಚ್ಚಿ ಒಂದೊಂದೇ ಎತ್ತಿ ಮೂಸಿ, ಇದು ಯಾರದು, ಇದು ಯಾರದು ಎಂದು ಕೇಳುತ್ತಾ ಹೋದರು. ನಾನು ಹೇಳುತ್ತಾ ಹೋದೆ. ಸವೆದ ಅಂಗಿ ಕೈಗೆ ಬಂದಾಗ ಅದನ್ನು ಮಡಿಲಲ್ಲಿ ಹಾಸಿಕೊಂಡು ಸ್ವಲ್ಪ ಹೊತ್ತು ಸವರಿದರು.

“ಹೆಂಗಸ್ರಿಲ್ಲದ ಮನೆ ಅಂದ್ಬಿಟ್ಟೆ,” ಎಂದರು. “ಬೀದಿ ತುಂಬ ಇದಾರಲ್ಲ ಬೀಗ್ರೇ. ಸೀಮಂತ ಆದ ಮೇಲೆ ಕರ್ಕೊಂಡು ಹೋಗಿ.”

ಒಳಗೆ ತುರಿಯುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಹೆಣ್ಣು ಕೂಸು ಹುಟ್ಟಿತು. ಆಹಾ, ಆ ದಿನಗಳನ್ನು ಏನೆಂದು ಬರೆಯಲಿ. ಮನೆ ತುಂಬ ಸಾಂಬ್ರಾಣಿ ಹೊಗೆ, ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರು. ಹಾಲಿನ ಅವ್ವ ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿ ನೀರು ಹುಯ್ದರೆ ಅದರ ಅಳು ಮೇನ್ ರೋಡಿಗೆ ಕೇಳುತ್ತಿತ್ತು. ಅಂಗಳದ ಹಗ್ಗದ ಮೇಲೆ ಬೀದಿಯ ಎಲ್ಲ ಮನೆಗಳ ಬಟ್ಟೆ. ದಾರಿಯಲ್ಲಿ ಹೋಗುವ ಹೆಂಗಸರು ತಮ್ಮ ತಮ್ಮದನ್ನು ಹುಡುಕಿ, ಇವತ್ತು ನಮ್ಮದು ಹಾಕಿದ್ರಾ ಎಂದು ಕೇಳಿ ಹೋಗುತ್ತಿದ್ದರು. ನಾಮಕರಣದ ದಿನ ತೊಟ್ಟಿಲು ಅಟ್ಟದಿಂದ ಇಳಿಯಿತು. ಸರಪಳಿಗೆ ಮತ್ತೆ ಗ್ರೀಸ್ ಹಚ್ಚಿದೆ. ಮೊದಲು ತೂಗಿದವರು ಬೀಗಿತ್ತಿ.

ಮುಂದಿನ ವರ್ಷ ಒಂದು ಬೆಳಿಗ್ಗೆ, ಹಿಂದಿನ ಬೀದಿಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡು ಬಂದಿದ್ದ ಒಬ್ಬಾಕೆ ಬಂದು, ಕೊಡೆ ತಾತನ ಮನೆ ಇದೇನಾ ಎಂದು ಕೇಳಿದರು. ಅವರ ಮಗಳಿಗೆ ದಿನ ತುಂಬಿತ್ತು. ನಾನು ಸಂಭ್ರಮದಲ್ಲಿ ಟ್ರಂಕಿನಿಂದ ಮಡಿಕೆ ಮುರಿಯದ ಫಾರಿನ್ ಫ್ರಾಕು ತೆಗೆದುಕೊಟ್ಟೆ.

“ಅದು ಬೇಡ ತಾತ. ಆ ಹಳೇ ಅಂಗೀನೇ ಕೊಡಿ,” ಎಂದರು.

ಹಾಲಿನ ಅವ್ವನನ್ನು ಕೇಳಿದ್ದಕ್ಕೆ, ಇನ್ನು ಅದು ಕೊಡೆ ತಾತನ ಮನೇದು, ಅವರೇ ಕೊಡಬೇಕು ಎಂದು ಕಳಿಸಿದ್ದರಂತೆ. ಒಳಗಿನಿಂದ ಅಂಗಿ ತಂದೆ. ಕೊಡಲು ಕೈ ಬರಲಿಲ್ಲ, ಒಂದು ಸಲ ಮೂಸಿ ನೋಡಿದೆ. ಇದನ್ನು ಯಾರು ಯಾರು ತೊಟ್ಟಿದ್ದರು ಎಂದು ಆಕೆ ಕೇಳಿದರು. ಅತ್ತಿಗುಪ್ಪೆಯ ಆ ಮನೆಯ ಹಿರಿ ಮಗನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಹೇಳುತ್ತಾ ಬಂದೆ. ಕೊನೆಯಲ್ಲಿ, ನಮ್ಮ ಮೊಮ್ಮಗಳು ಎಂದೆ.