ಕಡಗದ ಮೇಲೆ ಕಟ್ಟಿದ ಬಟ್ಟೆ

ಮಗಳಿಗೆ ಆಗ ಏಳು ವರ್ಷ. ಗೌರಿಬಿದನೂರಿನ ನಮ್ಮ ಮನೆಯ ಮುಂದೆ ಸೈಕಲ್ಲಿನಿಂದ ಬಿದ್ದವಳು ಎಡ ಅಂಗೈಯನ್ನು ನೆಲಕ್ಕೆ ಊರಿದ್ದಳು. ಎತ್ತಿಕೊಳ್ಳುವಷ್ಟರಲ್ಲಿ ಮಣಿಕಟ್ಟು ಊದಲು ಶುರುವಾಗಿತ್ತು. ಆ ಕೈಯಲ್ಲೇ ದಪ್ಪ ಬೆಳ್ಳಿ ಕಡಗ. ಅತ್ತೆ ಸೋಪು ಹಚ್ಚಿ ಎಳೆದರು. ಮಗು ಕಿರುಚಿತು. ಸಾಕು, ಉಳುಕಿರಬೇಕು, ಊತ ಇಳಿದ ಮೇಲೆ ತೆಗೆದರಾಯಿತು ಎಂದು ನಾನೇ ತಡೆದೆ. ಪ್ರಾಣಿಶಾಸ್ತ್ರ ಓದಿದವಳು ನಾನು.

ಅತ್ತೆ ಸುಣ್ಣ, ಅರಿಶಿನ ಕಲೆಸಿ ಪಟ್ಟು ಹಾಕಿದರು. ಅದರ ಮೇಲೆ, ಕಡಗವೂ ಸೇರಿದಂತೆ, ಹಳೆಯ ಸೀರೆಯ ಬಟ್ಟೆ ಸುತ್ತಿದ್ದಾಯಿತು. ಗಂಡ ಕುಡುಮಲಕುಂಟೆಯ ಕಾರ್ಖಾನೆಯಲ್ಲಿದ್ದರು. ಒಳಗೆ ಫೋನ್ ಒಯ್ಯುವಂತಿಲ್ಲ. ಎಷ್ಟು ಹೊತ್ತು ಕಾದೆವೋ ಸರಿಯಾಗಿ ಹೇಳಲಾರೆ. ಅರ್ಧ ಗಂಟೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಆದರೆ ಆ ನಡುವೆ ಅನ್ನ ಬೆಂದದ್ದು, ಅತ್ತೆ ಊಟ ಮಾಡಿದ್ದು ನೆನಪಿದೆ.

ಆಮೇಲೆ ಮಗು ಅಳು ನಿಲ್ಲಿಸಿತು. ನೋವು ಕಡಿಮೆಯಾಯಿತೆಂದು ನನಗೆ ಸಮಾಧಾನವಾಯಿತು.

"ಅಮ್ಮ, ಈ ಬೆರಳು ನಂದಲ್ಲ ಅನ್ಸ್ತಿದೆ" ಎಂದಳು.

ಬಟ್ಟೆ ಬಿಚ್ಚಿದೆ. ಬೆರಳುಗಳು ಬಿಳಿಚಿ ತಣ್ಣಗಾಗಿದ್ದವು. ಕಡಗ ಊತದೊಳಗೆ ಹೂತುಹೋಗಿತ್ತು. ಆಟೋದಲ್ಲಿ ಆ ಬೆರಳುಗಳನ್ನು ಉಸಿರಿನಿಂದ ಬೆಚ್ಚಗೆ ಮಾಡಲು ನೋಡಿದೆ. ಕೈಯನ್ನೇ ತೆಗೆಯಬೇಕಾದೀತೇನೋ ಎಂಬ ಒಂದೇ ಯೋಚನೆ ನನಗೆ.

ಆಸ್ಪತ್ರೆಯಲ್ಲಿ ಡಾಕ್ಟರು ಉಗುರು ಒತ್ತಿ ಬಿಟ್ಟರು. ಬಣ್ಣ ಮರಳಲಿಲ್ಲ. ಕಡಗದ ಎರಡೂ ಬದಿ ಬಟ್ಟೆ ಒತ್ತಿದ ಗುರುತನ್ನು ನೋಡಿದರು.

"ಕಡಗದ ಮೇಲೇ ಬಿಗಿದಿದೀರಲ್ಲಮ್ಮ. ಯಾರು ಕಟ್ಟಿದ್ದು?"

"ನಾನೇ ಸ್ವಾಮಿ, ಹಳೇ ಕಾಲದೋಳು" ಎಂದರು ಅತ್ತೆ.

ಬಟ್ಟೆ ಹರಿದು ಕೊಟ್ಟದ್ದಷ್ಟೇ ಅವರು. ಸುತ್ತಿ ಗಂಟು ಹಾಕಿದವಳು ನಾನು. ಉಳಿದ ವಿಷಯದಲ್ಲಿ ನನ್ನ ನೆನಪನ್ನು ನಂಬುವುದಿಲ್ಲ, ಇದೊಂದರಲ್ಲಿ ಅನುಮಾನವಿಲ್ಲ. ಆದರೂ ಆ ವಾರ ದಿನಚರಿಯಲ್ಲೂ ಅತ್ತೆ ಕಟ್ಟಿದರು ಎಂದೇ ಬರೆದೆ.

ಅಲ್ಲಿದ್ದ ಕತ್ತರಿಗೆ ಕಡಗ ಜಗ್ಗಲಿಲ್ಲ. ಪಕ್ಕದ ಬೀದಿಯ ಅಕ್ಕಸಾಲಿಗನನ್ನು ಕರೆಸಿದರು. ಅವನು ತಟ್ಟಿ ಚಪ್ಪಟೆ ಮಾಡಿದ ಚಮಚದ ಹಿಡಿಯನ್ನು ಚರ್ಮಕ್ಕೂ ಬೆಳ್ಳಿಗೂ ನಡುವೆ ತೂರಿಸಿ, ಸಣ್ಣ ಗರಗಸದಿಂದ ಕೊಯ್ಯತೊಡಗಿದ. ಬೆಳ್ಳಿ ಕಾಯದಂತೆ ನರ್ಸ್ ನೀರು ಬಿಡುತ್ತಿದ್ದಳು. "ಕದಲೊದ್ದು ತಲ್ಲಿ, ಅಲ್ಲಾಡಬೇಡ" ಎಂದು ಅವನು ಮಗುವಿಗೆ ಹೇಳುತ್ತಲೇ ಇದ್ದ. ನಾನು ಅವಳ ಭುಜ ಹಿಡಿದು ಕೂತಿದ್ದೆ.

ಎರಡು ಕಡೆ ಕೊಯ್ದ ಮೇಲೆ ಕಡಗ ಬಿತ್ತು. ಒಂದೊಂದಾಗಿ ಬೆರಳುಗಳು ಕೆಂಪಗಾದವು. ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಕಂಡಿತು. ಊತಕ್ಕೆ ಜಾಗ ಬಿಟ್ಟು ಅರ್ಧ ಪ್ಲಾಸ್ಟರ್ ಹಾಕಿದರು. ಕೈ ಎತ್ತರದಲ್ಲಿರಲಿ, ಬೆರಳು ಜೋಮು ಹಿಡಿದರೆ ಅಥವಾ ಬಣ್ಣ ಕೆಟ್ಟರೆ ಆ ಕ್ಷಣವೇ ಬನ್ನಿ ಎಂದರು. ನರಕ್ಕೆ ಎಷ್ಟು ಪೆಟ್ಟಾಗಿದೆಯೋ ಆಮೇಲೆ ತಿಳಿಯುತ್ತದಂತೆ.

ಊತ ಇಳಿದ ಮೇಲೆ ಹಾಕಿದ್ದ ಪೂರ್ತಿ ಪ್ಲಾಸ್ಟರನ್ನು ಬಿಚ್ಚಿದ ದಿನ ಕೈ ಸೊರಗಿತ್ತು. ಅತ್ತೆಯ ಎದುರಿಗೇ ಡಾಕ್ಟರಿಗೆ ಹೇಳಿದೆ, "ಅವತ್ತು ಬಟ್ಟೆ ಕಟ್ಟಿದ್ದು ನಾನು."

"ಇವಾಗ ಅದ್ಯಾಕಮ್ಮ" ಎಂದು ಡಾಕ್ಟರು ಮಗುವಿನ ಕಡೆ ತಿರುಗಿದರು. "ಮುಷ್ಟಿ ಕಟ್ಟು ಪುಟ್ಟ."

ನಾಲ್ಕು ಬೆರಳು ಮಡಿಚಿಕೊಂಡವು. ಕಿರುಬೆರಳು ಹೊರಗೇ ನಿಂತಿತ್ತು. ಅತ್ತೆ ನನ್ನ ಸೆರಗು ಹಿಡಿದುಕೊಂಡರು. ಆ ಬೆರಳು ನಿಧಾನವಾಗಿ, ನಡುಗುತ್ತ, ಒಳಗೆ ಬಂತು.